ಯೂನುಸ್ ಸಾಹೇಬರ ಅಂಚುಗೆರೆ

ಯೂನುಸ್ ಸಾಹೇಬರು ನನ್ನ ಅಂಗಡಿಗೆ ಬಂದಾಗ ಮೊದಲು ನೋಡಿದ್ದು ಯಂತ್ರವನ್ನಲ್ಲ, ನನ್ನ ಮುಖವನ್ನು. ಸಾಂಟಾ ಕ್ಲಾರಾದಲ್ಲಿ ನಾನು ಹಳೆಯ ಪ್ಲಾಟರುಗಳನ್ನು, ಎಂದರೆ ಕಟ್ಟಡದ ನಕ್ಷೆಗಳನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸುವ ಯಂತ್ರಗಳನ್ನು, ರಿಪೇರಿ ಮಾಡಿ ಮಾರುತ್ತೇನೆ. ಈ ವ್ಯಾಪಾರದಲ್ಲಿ ಗಿರಾಕಿಗೆ ಅನುಮಾನ ಇರಬೇಕಾದ್ದೇ. ಸಾಹೇಬರಲ್ಲಿ ಮಾತ್ರ ಅದು ನಾಲ್ಕು ಜನಕ್ಕೆ ಹಂಚುವಷ್ಟಿತ್ತು.

ವಿಜಯಪುರದ ನೀರಾವರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ನಕ್ಷೆ ತಿದ್ದಿದವರು. ಈಗ ಇಲ್ಲೇ ಹತ್ತಿರದ ನೆವಾರ್ಕಿನ ಮನೆಯ ಗ್ಯಾರೇಜಿನಲ್ಲಿ ಕೂತು, ಮನೆಗೊಂದು ಕೋಣೆ ಸೇರಿಸುವವರಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುತ್ತಾರೆ. ಕೆಲಸ ತಂದುಕೊಡುವವನು ಕುಶಲ್ ಎಂಬ ಒಬ್ಬನೇ ಕಂಟ್ರಾಕ್ಟರ್. ಮೊದಲು ಹೊರಗೆ ಪ್ರಿಂಟ್ ಮಾಡಿಸುತ್ತಿದ್ದರು. ಆ ಅಂಗಡಿಯವರು ನಕ್ಷೆ ಕದಿಯುತ್ತಾರೆಂಬ ಗುಮಾನಿ ಹುಟ್ಟಿ, ಎರಡು ತಿಂಗಳ ಹಿಂದೆ ತಾವೇ ಒಂದು ಹಳೇ ಪ್ಲಾಟರು ಕೊಂಡರು. ಆಮೇಲೆ ಕಟ್ಟಡಕ್ಕೆ ಅನುಮತಿ ಕೊಡುವ ಪರ್ಮಿಟ್ ಕೌಂಟರಿನಿಂದ ಅವರ ನಕ್ಷೆ ಎರಡು ಸಲ ವಾಪಸು: ಬರೆದ ಅಳತೆಗೂ ಹಾಳೆಯ ಗೆರೆಗೂ ತಾಳೆಯಿಲ್ಲ. ಸೋಮವಾರವೂ ವಾಪಸಾದರೆ ಇನ್ನು ಕೆಲಸ ಬೇರೆಯವರಿಗೆ ಎಂದು ಕುಶಲ್ ಹೇಳಿಬಿಟ್ಟಿದ್ದ. ಯಂತ್ರದ್ದೇ ದೋಷವೆಂದು ಬೇರೊಂದು ಕೊಳ್ಳಲು ಸಾಹೇಬರು ಬಂದದ್ದು ಶನಿವಾರ.

“ಈ ಮಷೀನು ಎಷ್ಟು ಫೂಟ್ ಹಾಳಿ ಓಡಿಸೇದ?”

“ಮೀಟರಲ್ಲೇ ಇದೆ, ನೋಡಿ ಸಾರ್.”

“ಮೀಟರ್ ತಿರುಗಿಸೋರನ್ನ ಭಾಳ ನೋಡೀನಿ, ಬಿಡ್ರಿ.”

ಎರಡು ಕಾಗದದ ರೋಲು, ಹೆಚ್ಚಿನ ಮೆಮೊರಿ ಎಂದು ಅಪ್‌ಗ್ರೇಡಿನ ಮಾತು ತೆಗೆದೆ.

“ಒಂದು ರೋಲ್ ನೆಟ್ಟಗ ಓಡಲಿ ಮೊದಲ. ಎರಡನೇದು ನಿಮ್ಮ ಮಗನ ಮದುವ್ಯಾಗ ಹಾಸ್ರಿ.”

ತಮ್ಮ ನಕ್ಷೆಯನ್ನೇ ಪ್ರಿಂಟ್ ಮಾಡಿಸಿ ಉಕ್ಕಿನ ಸ್ಕೇಲು ಇಟ್ಟರು. ಮೂವತ್ತಿಂಚಿನ ಗೆರೆ ಕಾಲಿಂಚಿಗೂ ಹೆಚ್ಚು ಗಿಡ್ಡ.

“ನೋಡ್ರಿ, ವ್ಯಾಪಾರಸ್ಥರ ಇಂಚು!”

ಇನ್ನೊಂದು ಯಂತ್ರದಲ್ಲಿ ತೆಗೆದೆ. ಅಷ್ಟೇ ಗಿಡ್ಡ.

“ಎರಡಕ್ಕೂ ಒಂದೇ ಔಷಧ ಹಾಕೀರಿ.”

ನನಗೆ ಅವರ ಸ್ಕೇಲಿನ ಮೇಲೇ ಸಂಶಯ ಬಂತು. ನನ್ನ ಟೇಪಿನಲ್ಲಿ ಅಳೆದೆ, ಸ್ಕೇಲು ನಿಯತ್ತಿನದೇ. ಆಗ ನಕ್ಷೆಯನ್ನು ಸರಿಯಾಗಿ ನೋಡಿದೆ.

“ಸಾರ್, ನಕ್ಷೆ ಸುತ್ತಲ ಈ ಅಂಚುಗೆರೆ ಹಾಳೆ ತುದೀಗೇ ಯಾಕೆ ಎಳೆದಿದ್ದೀರಿ?”

“ನಮ್ಮ ಕಚೇರಿ ಪದ್ಧತಿ. ತುದಿಗೆ ಗೆರಿ ಇದ್ದರ ಯಾರೂ ಹಾಳಿ ಕತ್ತರಿಸಿ ಏನೂ ಮುಚ್ಚಿಡಾಕ ಬರಂಗಿಲ್ಲ.”

ಪ್ಲಾಟರು ಹಾಳೆಯ ತುದಿಯವರೆಗೆ ಮುದ್ರಿಸಲಾರದು. ಆ ಗೆರೆ ಉಳಿಸಲೆಂದು ಇಡೀ ನಕ್ಷೆಯನ್ನೇ ಕುಗ್ಗಿಸುತ್ತಿತ್ತು. ಹೊರಗಿನ ಅಂಗಡಿಯವರು ಪಾಪ, ದೊಡ್ಡ ಹಾಳೆಯಲ್ಲಿ ತೆಗೆದು ಅಂಚು ಕತ್ತರಿಸಿ ಕೊಡುತ್ತಿದ್ದಿರಬೇಕು. ಗೆರೆಯ ಗುಟ್ಟು ಹೇಳದೆ ಹೇಗೋ ಸರಿಯಾಗಿ ತೆಗೆದು ತೋರಿಸಿದ್ದರೆ ಅವತ್ತೇ ಒಂದು ಯಂತ್ರ ಮಾರಾಟವಾಗುತ್ತಿತ್ತು. ಮಂಗಳವಾರ ಸಾಹೇಬರ ಸಮೇತ ವಾಪಸೂ ಬರುತ್ತಿತ್ತು. ಹೇಳಿಬಿಟ್ಟೆ.

ಮನಸ್ಸಿಲ್ಲದ ಮನಸ್ಸಿನಿಂದ ಗೆರೆಯನ್ನು ಅರ್ಧ ಇಂಚು ಒಳಗೆ ತಂದರು. ಈ ಸಲ ಮೂವತ್ತಕ್ಕೆ ಮೂವತ್ತು.

“ಹಂಗಾದ್ರ ನನ್ನ ಮಷೀನು?”

“ಅದಕ್ಕೇನೂ ಆಗಿಲ್ಲ ಸಾರ್.”

ಕಣ್ಣು ಕಿರಿದು ಮಾಡಿದರು. “ಮಾರೋ ಮನಿಷ್ಯಾನೇ ಬ್ಯಾಡ ಅಂತಾನ. ಇದರಾಗ ಏನೋ ಅದ.”

ಆದರೂ ನಕ್ಷೆಯ ಒಂಬತ್ತು ಹಾಳೆಗಳನ್ನೂ ನನ್ನಲ್ಲೇ ಪ್ರಿಂಟ್ ಮಾಡಿಸಿ, ಒಂದೊಂದನ್ನೂ ಅಳೆದುಕೊಂಡು ಹೋದರು.

ಸೋಮವಾರ ಮಧ್ಯಾಹ್ನ ಫೋನು.

“ನಕ್ಷಾ ತಗೊಂಡ್ರು. ಸೀಲ್ ಹೊಡದ್ರು. ಕುಶಲ್ ಇನ್ನೆರಡು ಮನಿ ಕೊಟ್ಟಾನ.”

“ಸಂತೋಷ ಸಾರ್.”

ದನಿ ತಗ್ಗಿಸಿದರು. “ಆದ್ರ ಆ ಕೌಂಟರಿನಾಕಿ ಈ ಸಲ ಸ್ಕೇಲ್ ಮುಟ್ಟಲೇ ಇಲ್ರೀ. ಖರೇ ಹೇಳ್ರಿ, ನೀವೇನರ ಆಕಿಗೆ ಮೊದಲ ಫೋನ್ ಮಾಡಿದ್ರೇನು?”