ಹೆಬ್ಬೆರಳಿಗೆ ಬಗ್ಗಿದ ಟೈರು

ಮಗಳು ಕಲ್ಯಾಣದುರ್ಗದ ಗುಡ್ಡದಿಂದ ನಾಲ್ಕು ಕವರಿನಲ್ಲಿ ನಾಲ್ಕು ಥರದ ಮಣ್ಣು ತುಂಬಿಕೊಂಡು ಬಂದಿದ್ದಳು. ಸೈಕಲ್ ಸ್ಪರ್ಧೆ ನಡೆಯುವ ದಾರಿಯ ಮಣ್ಣು ಅದು. ನಮ್ಮೂರು ಹಿಂದೂಪುರದ ಸೈಕಲ್ ಅಂಗಡಿಯವರು ನೋಡಿ ಆರಿಸಿಕೊಳ್ಳಿ ಎಂದು ಮೂರು ಟೈರು ಮನೆಗೇ ಕೊಟ್ಟು ಕಳಿಸಿದ್ದರು. ನಮ್ಮದು ನೇಯ್ಗೆಯ ಮನೆತನ, ಮಾದರಿಗೆ ಹಿಡಿದು ನೋಡದೆ ಒಂದು ಎಳೆ ನೂಲನ್ನೂ ಕೊಳ್ಳುವುದಿಲ್ಲ ಎಂದು ಅವರಿಗೂ ಗೊತ್ತು.

ವರಾಂಡದಲ್ಲಿ ಮೊರಗಳನ್ನಿಟ್ಟು ಮಣ್ಣು ಸುರಿದೆವು. ಒಂದರಲ್ಲಿ ಗರಸು, ಒಂದರಲ್ಲಿ ಹಳ್ಳದ ಮರಳು, ಇನ್ನೊಂದರಲ್ಲಿ ಬಂಡೆಯ ಚೂರು, ಕೊನೆಯದರಲ್ಲಿ ನೀರು ಚಿಮುಕಿಸಿದ ಎರೆಮಣ್ಣು. ಟೈರನ್ನು ಒತ್ತಿ ಹಿಡಿದು ಉರುಳಿಸುತ್ತ ನೋಡಿದೆವು. ರಬ್ಬರಿನ ಉಬ್ಬು, ಅಂದರೆ ಗುಬುಟು, ಹತ್ತಿರ ಹತ್ತಿರ ಇದ್ದ ಟೈರಿಗೆ ಎರೆಮಣ್ಣು ಚಕ್ಕುಲಿ ಒರಳಿನ ಹಿಟ್ಟಿನ ಹಾಗೆ ಮೆತ್ತಿಕೊಂಡಿತು, ಕೊಡವಿದರೂ ಬೀಳಲಿಲ್ಲ. ಗರಸಿನ ಮೇಲೆ ಅದು ಸಾಸಿವೆ ಮೇಲೆ ಕಾಲಿಟ್ಟಂತೆ ಜಾರಿತು. ಎತ್ತರದ, ಬಿಡಿ ಬಿಡಿ ಗುಬುಟಿನದು ಗರಸಿನೊಳಗಿಂದ ಕೆಳಗಿನ ಗಟ್ಟಿ ನೆಲ ಹುಡುಕಿ ಕಚ್ಚಿಕೊಂಡಿತು. ಆದರೆ ಬಂಡೆಯ ಮೇಲೆ ಅದರ ಗುಬುಟುಗಳೇ ಬಾಗುತ್ತಿದ್ದವು. ಮೂರನೆಯದರ ಗಿಡ್ಡ ಗುಬುಟು ಬಂಡೆಯ ಮೇಲೂ ಬಾಗಲಿಲ್ಲ. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು ಬಟ್ಟೆಗೆ ಸೂಜಿ ಹಾಕುವ ಮೊದಲು ಬೆರಳಾಡಿಸಿ ನೋಡಿ ಎನ್ನುತ್ತಿದ್ದರು. ನಾನು ಹಾಗೆಯೇ ಬೆರಳಾಡಿಸಿ, ಮುಂದಕ್ಕೆ ಎತ್ತರದ್ದು, ಹಿಂದಕ್ಕೆ ಗಿಡ್ಡ ಗುಬುಟಿನದು ಎಂದೆ. ಮಗಳು ತಾನೂ ಅದನ್ನೇ ಅಂದುಕೊಂಡಿದ್ದೆ ಎಂದಳು. ಆಮೇಲೆ ಗಾಳಿಯ ವಿಷಯ ಹೇಳಿದಳು. ಗಾಳಿ ಕಮ್ಮಿ ಇರಬೇಕು, ಟೈರು ಕಲ್ಲಿನ ಮೇಲೆ ಕೂತುಕೊಳ್ಳಬೇಕು, ಕುಣಿಯಬಾರದು ಎಂದು. ಆಗ ನಾನು ಎರೆಮಣ್ಣು ಮೆತ್ತಿದ್ದ ಮೊರ ತೊಳೆಯುತ್ತಿದ್ದೆ. ಹ್ಞೂಂ ಅಂದೆ.

ಹೋದ ವರ್ಷ ಅದೇ ಗುಡ್ಡದ ಇಳಿಜಾರಿನಲ್ಲಿ ಬಿದ್ದು ಅವಳ ಹೆಗಲಿನ ಮೂಳೆ ಮುರಿದಿತ್ತು. ನಮ್ಮ ಯಜಮಾನರು ಜೋರು ಮಾಡುವವರಲ್ಲ. ಈ ಸಲ ಹೋಗು, ಆದರೆ ಇನ್ನೊಂದು ಸಲ ಬಿದ್ದರೆ ಸೈಕಲ್ಲು ಮಾರಿಬಿಡೋಣ ಎಂದು ಊಟ ಮಾಡುತ್ತ ಮೆಲ್ಲಗೆ ಹೇಳಿದ್ದರು. ಅವರು ಮೆಲ್ಲಗೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ. ಮಗಳು ಸರಿ ಅಪ್ಪ ಎಂದು ಅನ್ನ ಕಲಸುತ್ತಲೇ ಇದ್ದಳು. ಬಾಯಿಗೆ ಮಾತ್ರ ಇಡಲಿಲ್ಲ.

ಕಲ್ಯಾಣದುರ್ಗ ನನ್ನ ತವರು. ಸ್ಪರ್ಧೆಯ ಹಿಂದಿನ ದಿನವೇ ಮೂವರೂ ರೊದ್ದಂ ದಾಟಿ ಅಣ್ಣನ ಮನೆ ಸೇರಿದೆವು. ಮಗಳು ಮಲಗುವ ಮುಂಚೆ ಎರಡು ಟೈರನ್ನೂ ಅಂಗೈಯಿಂದ ಒತ್ತಿ ನೋಡಿ ಗೋಡೆಗೆ ಒರಗಿಸಿದಳು. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಅಣ್ಣ ಬಂದು ಹೆಬ್ಬೆರಳಿಟ್ಟು ಒತ್ತಿದ. ಬೆರಳು ಒಳಗೆ ಹೋಯಿತು.

“ಗಾಲಿ ಲೇದಮ್ಮಾ, ಗಾಳೀನೇ ಇಲ್ಲ. ಕೂಸ್ನ ಹಿಂಗೇ ಕಳಿಸ್ಬುಟ್ಟೀಯಾ?” ಅಂದ.

ನಮ್ಮಪ್ಪ ಸೀರೆ ನೇಯುವ ಹಾಸುನೂಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೆಳುಗುಪ್ಪದಿಂದ ಕುಂದುರ್ಪಿಯವರೆಗೆ ತಿರುಗುತ್ತಿದ್ದವರು. ಹೊಸಿಲು ದಾಟುವ ಮೊದಲು ಟೈರಿಗೆ ಹೆಬ್ಬೆರಳು. ಬೆರಳು ತಗ್ಗಿದರೆ ಹೊರಡುತ್ತಿರಲಿಲ್ಲ. ಖಾಲಿ ಬಿಂದಿಗೆ ಎದುರಿಗೆ ಬಂದಷ್ಟೇ ಕೆಟ್ಟದ್ದು ಅದು ನಮಗೆ. ಹೊರಡುವವರನ್ನು ತುಂಬಿಸಿ ಕಳಿಸಬೇಕು. ಅಣ್ಣನ ಬೈಕಿನ ಪಂಪು ಮೂಲೆಯಲ್ಲೇ ಇತ್ತು, ಅದರ ಮೂತಿ ಸೈಕಲ್ಲಿಗೂ ಸರಿಹೋಯಿತು. ನಾನೇ ಸೆರಗು ಸಿಕ್ಕಿಸಿ ಗಾಳಿ ಹೊಡೆದೆ, ಬೆರಳು ಕಲ್ಲಿಗೆ ತಾಗಿದಂತಾಗುವವರೆಗೆ. ಕುಂಕುಮ ಇಟ್ಟೆ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟೆ. ಮಗಳು ತಲೆ ಒರೆಸುತ್ತ ಬಂದು ಕುಂಕುಮ ನೋಡಿ ನಕ್ಕಳು. ಅಣ್ಣ ಆಗಲೇ ಸೈಕಲ್ಲನ್ನು ಟೆಂಪೋಗೆ ಎತ್ತುತ್ತಿದ್ದ.

ಗುಡ್ಡದ ಬುಡದಲ್ಲಿ ಮಗಳು, ರಾತ್ರಿಯೇ ಒತ್ತಿ ನೋಡಿದ್ದ ಟೈರನ್ನು ಮತ್ತೆ ಮುಟ್ಟದೆ, ಸಾಲಿನಲ್ಲಿ ಹೋಗಿ ನಿಂತಳು. ಎರಡು ಸುತ್ತು ಹಾಕಬೇಕಿತ್ತು. ನನ್ನ ಹತ್ತಿರವೇ ಇನ್ನೊಬ್ಬಳು ಹುಡುಗಿ ಕುಕ್ಕುರುಗಾಲಲ್ಲಿ ಕೂತು ತನ್ನ ಟೈರಿನ ಗಾಳಿ ಬಿಡುತ್ತಿದ್ದಳು. ಸ್ಸ್ ಎಂಬ ಸದ್ದು. ಒತ್ತಿ ನೋಡಿ ಮತ್ತೆ ಬಿಟ್ಟಳು. ಯಾಕಮ್ಮ ಎಂದು ಕೇಳಿದೆ. ಗಟ್ಟಿಯಿದ್ದರೆ ಗರಸಿನ ಮೇಲೆ ಎಗರುತ್ತದೆ ಆಂಟಿ, ತಿರುವಿನಲ್ಲಿ ಎತ್ತಿ ಒಗೆಯುತ್ತದೆ ಎಂದಳು. ಅಷ್ಟರಲ್ಲಿ ಪೀಪಿ ಊದಿದರು. ಆ ಹುಡುಗಿಯೂ ಹೋದಳು, ನನ್ನ ಮಗಳೂ ಹೋದಳು. ಮೊರ ತೊಳೆಯುವಾಗ ಕಿವಿಗೆ ಬಿದ್ದಿದ್ದ ಮಾತು ನನಗೆ ಆಗ ಅರ್ಥವಾಯಿತು.

ನಮ್ಮ ಯಜಮಾನರು ಇಳಿಜಾರಿನ ಕೆಳಗೆ, ಹೋದ ವರ್ಷ ಅವಳು ಬಿದ್ದ ತಿರುವಿನ ಹತ್ತಿರವೇ ಹೋಗಿ ನಿಂತಿದ್ದರು. ನಾನೂ ಹೋಗಿ ನಿಂತೆ. ಮೊದಲ ಸುತ್ತಿನಲ್ಲಿ ಮಗಳು ಮೂರನೆಯವಳಾಗಿ ಬಂದಳು. ಗಟ್ಟಿ ಟೈರು ಏರಿನಲ್ಲಿ ಅವಳನ್ನು ಬೇಗ ಎಳೆದಿರಬೇಕು. ಇಳಿಜಾರಿನಲ್ಲಿ ಕಲ್ಲುಗಳು ಟಣ್ ಟಣ್ ಎಂದು ಸಿಡಿದವು. ತಿರುವಿನಲ್ಲಿ ಹಿಂದಿನ ಚಕ್ರ ಪಕ್ಕಕ್ಕೆ ಹಾರಿತು. ಅವಳು ಕಾಲೂರಿ ಹೇಗೋ ತಡೆದುಕೊಂಡು ಮುಂದೆ ಹೋದಳು. ಅವಳ ಕಾಲುಚೀಲ ಹರಿದದ್ದು ಕಾಣಿಸಿತು. ಯಜಮಾನರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಬಿದ್ದರೆ ಅವಳ ತಪ್ಪು, ಸೈಕಲ್ಲು ಹೋಗುತ್ತದೆ. ಹೇಳಿದರೆ ಅವಳು ನಿಲ್ಲಬೇಕು, ಮೂರನೆಯ ಜಾಗ ಹೋಗುತ್ತದೆ. ನಾನು ಸೆರಗು ಬಿಗಿದು ಗುಡ್ಡ ಹತ್ತಲು ಹೊರಟೆ. ಎಲ್ಲಿಗೆ ಎಂದು ಅವರು ಕೇಳಿದರು.

“ಟೈರಿಗೆ ಗಾಳಿ ನಾನು ಹೊಡ್ದೆ ಕಣ್ರೀ, ಅವಳಲ್ಲ. ಹೇಳ್ಬುಟ್ಟು ಬತ್ತೀನಿ.”

ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಚಪ್ಪಲಿ ನೋಡಿ, ನೋಡಿಕೊಂಡು ಹತ್ತು ಎಂದರು.

ಇಳಿಜಾರಿನ ನೆತ್ತಿ ತಲುಪುವಷ್ಟರಲ್ಲಿ ಬಾಯಿ ಒಣಗಿತ್ತು. ಅವಳು ಬಂದಾಗ ಹಗ್ಗದಾಚೆ ನಿಂತೇ ಹೇಳಿದೆ.

“ಬೆಳಿಗ್ಗೆ ನಾನು ಗಾಳಿ ತುಂಬಿದೆ ಕಣಮ್ಮ. ಕಲ್ಲಿನ ಹಾಗೆ ತುಂಬ್ಬುಟ್ಟೆ.”

ಅವಳು ಬ್ರೇಕ್ ಹಾಕಿದಳು. ಉಸಿರಾಡುತ್ತ ನನ್ನನ್ನು ನೋಡಿದಳು, ಬೈಯಲಿಲ್ಲ. ಗವಸು ಕಿತ್ತು ಉಗುರಿನಿಂದ ಗಾಳಿಮೂತಿಯ ಒಳಗಿನ ಕಡ್ಡಿ ಒತ್ತಲು ನೋಡಿದಳು. ಬೆವರಿಗೆ ಬೆರಳು ಜಾರಿತು. ನಾನು ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಚಾಚಿದೆ.

“ಕೊಡ್ಬೇಡ, ನೀನು ಮುಟ್ಟಿದ್ರೆ ನನ್ನ ಸ್ಪರ್ಧೆಯಿಂದ್ಲೇ ತೆಗೆದ್ಬಿಡ್ತಾರೆ.”

ದಾರಿಯಂಚಿನ ಜಾಲಿಯಿಂದ ಮುಳ್ಳೊಂದನ್ನು ಮುರಿದು ಅದರ ಬುಡದಿಂದ ಒತ್ತಿದಳು. ಗಾಳಿ ಹೊರಟಿತು. ಮುಂದಿನದು, ಹಿಂದಿನದು. ಅಂಗೈಯಿಂದ ಒತ್ತಿ ನೋಡಿ ಇನ್ನಷ್ಟು ಬಿಟ್ಟಳು. ಅಷ್ಟರಲ್ಲಿ ಒಬ್ಬೊಬ್ಬರಾಗಿ ಐದು ಜನ ನಮ್ಮನ್ನು ದಾಟಿ ಹೋದರು. ಬೆಳಿಗ್ಗೆ ನನ್ನೊಡನೆ ಮಾತಾಡಿದ ಹುಡುಗಿಯೂ ಹೋದಳು. ಮಗಳು ಯಾರ ಕಡೆಗೂ ತಲೆ ಎತ್ತಲಿಲ್ಲ. ಗವಸು ಹಾಕಿಕೊಂಡು ಇಳಿದಳು.

ನೆತ್ತಿಯಿಂದ ತಿರುವು ಕಾಣುವುದಿಲ್ಲ. ನಾನು ಕಣ್ಣು ಮುಚ್ಚಿ ಕೇಳಿಸಿಕೊಂಡೆ. ಈ ಸಲ ಟಣ್ ಎನ್ನಲಿಲ್ಲ. ಒಣಗಿದ ಕಡಲೆಕಾಯಿ ಸಿಪ್ಪೆಯನ್ನು ತುಳಿದ ಹಾಗೆ ಮೆತ್ತಗೆ ಕರಕರ. ಆಮೇಲೆ ಅದೂ ಇಲ್ಲ. ಕಣ್ಣು ಬಿಟ್ಟರೆ, ತಿರುವಿನ ಪಕ್ಕದ ಬಂಡೆ ಹತ್ತಿ ನಿಂತ ಯಜಮಾನರು ಕಾಣಿಸಿದರು. ನನಗೆ ಕಾಣಲೆಂದು ಒಂದು ಕೈ ಮೇಲೆತ್ತಿದ್ದರು.

ಅವಳು ಎಂಟನೆಯವಳಾಗಿ ಮುಗಿಸಿದಳು. ಬಹುಮಾನದ ಬೆಳ್ಳಿ ಬಣ್ಣದ ಬಟ್ಟಲು ಬೇರೆ ಯಾರಿಗೋ ಹೋಯಿತು. ಅವಳು ಅಳಲಿಲ್ಲ, ನನ್ನ ಪಕ್ಕ ಕೂತು ಇಡೀ ಬಾಟಲಿ ನೀರು ಕುಡಿದಳು. ನೀನು ಹೇಳದಿದ್ದರೆ ಬೀಳುತ್ತಿದ್ದೆ, ನೀನು ತುಂಬದಿದ್ದರೆ ಗೆಲ್ಲುತ್ತಿದ್ದೆನೋ ಏನೋ ಎಂದಳು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದಳು. ನಾನು ಅವಳ ಹರಿದ ಕಾಲುಚೀಲದ ಗರಸು ಕೊಡವಿದೆ. ಅವರಪ್ಪ ಬಂದು ಎರಡು ಮೊಣಕೈಯನ್ನೂ ತಿರುಗಿಸಿ ನೋಡಿ, ಹೆಗಲಿನ ಮೇಲೆ ಒಂದು ಕ್ಷಣ ಕೈಯಿಟ್ಟರು. ಆಮೇಲೆ ಅಣ್ಣನಿಗೆ, ಸೈಕಲ್ಲು ಹತ್ತಿಸುವಾಗ ಕೆಳಗೆ ಗೋಣಿಚೀಲ ಹಾಸಿ, ಬಣ್ಣ ಕಿತ್ತೀತು ಎಂದರು.

ಅಣ್ಣ ಗೋಣಿಚೀಲ ಹಾಸಿದ. ಸೈಕಲ್ಲು ಎತ್ತುವ ಮುನ್ನ ಅವನ ಹೆಬ್ಬೆರಳು ತಾನಾಗಿಯೇ ಟೈರಿನ ಕಡೆಗೆ ಹೋಯಿತು. ಬಗ್ಗಿದ ಟೈರು ನೋಡಿ ಪಂಪು ಎಲ್ಲಿ ಎನ್ನುವಂತೆ ನನ್ನ ಕಡೆ ತಿರುಗಿದ. ನಾನು ಹೋಗಿ ಅವನ ಕೈ ಹಿಡಿದುಕೊಂಡೆ.