ಬೀಗರ ಮನೆಯ ನೇವ್ರಿ

ಕ್ರಿಸ್‌ಮಸ್ ಬಂತೆಂದರೆ ಕಾರವಾರದಿಂದ ಅಂಕೋಲೆಗೆ ಹೊರಟಿದ್ದ ಆ ಬಸ್ಸು ನೆನಪಾಗುತ್ತದೆ. ಪಕ್ಕದಲ್ಲಿ ಕದ್ವಾಡದ ರೊಜಾಲಿನ್ ಬಾಯಿ, ಮಗಳ ಅತ್ತೆಮನೆಗೆಂದು ನೇವ್ರಿಯ, ಅಂದರೆ ಸಿಹಿ ಕರ್ಜಿಕಾಯಿಯ, ತಟ್ಟೆ ಹಿಡಿದು ಕುಳಿತಿದ್ದರು. ಅರ್ಧ ದಾರಿಯಲ್ಲಿ ಎದುರಿನ ಮುದುಕರು ಬೆವರಿ ನಡುಗತೊಡಗಿದರು.

"ಶುಗರ್ ಇಳೀತು," ಎಂದರು.

ರೊಜಾಲಿನ್ ಬಾಯಿ ತಟ್ಟೆಯ ಬಟ್ಟೆ ಸರಿಸಿದರು.

"ಹಬ್ಬದ ತಟ್ಟೆ ದಾರಿಯಲ್ಲಿ ಬಿಚ್ಚಬಾರದು. ಮೊದಲು ಕಂಡಕ್ಟರಿಗೆ ತಿಳಿಸೋಣ," ಎಂದೆ.

"ಅಷ್ಟರಲ್ಲಿ ಅಜ್ಜ ಹೋದ್ರೆ? ಯೇಸು ನನ್ನ ಕೇಳ್ತಾನೆ, ಕಂಡಕ್ಟರನ್ನಲ್ಲ! ತಿನ್ನಿ ಅಜ್ಜಾ."

ಮುದುಕರು ಚೇತರಿಸಿಕೊಂಡರು. ತಟ್ಟೆ ಅರ್ಧವಾಗಿತ್ತು.

"ಬೀಗಿತ್ತಿ ಸುಮ್ನಿರ್ತಾಳಾ? ಸಾಕ್ಷಿಗೆ ನೀವೇ ಬನ್ನಿ ಮಾಸ್ತರ್ರೇ."

ಕರೆಯದ ಮನೆಗೆ ಹೋಗುವವನಲ್ಲ ನಾನು, ಅಂದು ಹೋದೆ. ಬೀಗಿತ್ತಿ ನನ್ನ ಕೈಗೆ ನೇವ್ರಿಯಿಟ್ಟು, ಕಥೆ ಕೇಳಿ, ನನ್ನತ್ತಲೇ ತಿರುಗಿದರು:

"ಅಜ್ಜನ್ನ ಕರ್ಕೊಂಡು ಬರೂಕೆ ಏನಾಗಿತ್ತು?"

ಜೀವಮಾನವಿಡೀ ಅನ್ಯರನ್ನು ಗದರಿದವನು ನಾನು. ಅಂದು ಗದರಿಸಿಕೊಂಡು, ಕೈಯಲ್ಲಿದ್ದ ನೇವ್ರಿಯನ್ನು ಬಾಯಿಗಿಟ್ಟೆ.