ಬಿರುಕಿನ ಮೇಲಿನ ಗಾಜು

ಹಳೆಯ ಗೋಡೆಯಲ್ಲಿ ಬಿರುಕು ಕಂಡರೆ ಅದರ ಮೇಲೆ ಗಾಜು ಅಂಟಿಸುತ್ತಾರೆ. ಎರಡು ಬೆರಳಗಲದ ತೆಳು ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿ, ಪಕ್ಕದಲ್ಲಿ ದಿನಾಂಕ ಬರೆಯುತ್ತಾರೆ. ಗೋಡೆ ಇನ್ನೂ ಅಲುಗುತ್ತಿದ್ದರೆ ಗಾಜು ಒಡೆಯುತ್ತದೆ. ಒಡೆಯದಿದ್ದರೆ ಅದು ಹಳೆಯ ಬಿರುಕು, ಚಿಂತೆಯಿಲ್ಲ.

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಒಂದು ಸಣ್ಣ ನಿಲ್ದಾಣದಲ್ಲಿ ನಾನು ಸ್ಟೇಷನ್ ಮಾಸ್ಟರ್ ಆಗಿದ್ದಾಗ ಇಂಥದೊಂದು ಗಾಜು ನನ್ನ ಸುಪರ್ದಿಯಲ್ಲಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ಅದನ್ನು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಕಾಲಂ ಎರಡೇ. ಒಂದು ‘ಸರಿಯಿದೆ’, ಇನ್ನೊಂದು ‘ಒಡೆದಿದೆ’. ನಾನು ಒಂದು ಸೋಮವಾರವನ್ನೂ ತಪ್ಪಿಸಿದವನಲ್ಲ.

ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿ ಕೆಲವು ವರ್ಷಗಳಾಗಿದ್ದವು. ಪ್ಲಾಟ್‌ಫಾರಂ ಎತ್ತರಿಸಿದ್ದರಿಂದ ಹಳೆಯ ಕಟ್ಟಡ ತಗ್ಗಿನಲ್ಲಿ ಉಳಿದಿತ್ತು. ಟಿಕೆಟ್ ಕೊಳ್ಳಲು ಎರಡು ಮೆಟ್ಟಿಲು ಇಳಿಯಬೇಕು. ದಪ್ಪ ಕಲ್ಲಿನ ಗೋಡೆ, ಮಂಗಳೂರು ಹೆಂಚು, ಮುಂದೆ ಚಾಚಿದ ಮಾಡಿನ ಅಂಚಿಗೆ ಕೊರೆದ ತೇಗದ ಹಲಗೆ. ಚೆಂದವಿತ್ತು ಎಂದು ಈಗ ಬರೆಯುತ್ತಿದ್ದೇನೆ. ಆಗ ನನಗೆ ಕಾಣುತ್ತಿದ್ದುದು ಸೋರುವ ಮೂಲೆ ಮತ್ತು ಗೆದ್ದಲು. ತಾರಸಿಯ ಹೊಸ ಕಟ್ಟಡ ಬಂದರೆ ಕಾಗದಪತ್ರಗಳಾದರೂ ಒಣಗಿರುತ್ತವೆ ಎಂದು ಆಸೆಪಡುತ್ತಿದ್ದೆ. ಅದನ್ನೂ ಹೇಳಿಬಿಡಬೇಕು.

ಒಮ್ಮೆ ಇನ್‌ಸ್ಪೆಕ್ಷನ್ ಬಂತೆಂದು ಸುಣ್ಣ ಹೊಡೆಸಿದೆ. ಮುಂದಿನ ಸೋಮವಾರ ನೋಡಿದರೆ ಗಾಜು ಎರಡು ತುಂಡಾಗಿತ್ತು. ನಾನು ರಿಜಿಸ್ಟರ್ ತೆರೆಯುವಷ್ಟರಲ್ಲಿ ನಮ್ಮ ಪಾಯಿಂಟ್ಸ್‌ಮನ್, ಎಂದರೆ ಗಾಡಿ ಬರುವಾಗ ಹಳಿ ತಿರುಗಿಸುವವನು, ಬಂದು ನಿಂತ.

“ಸಾರ್, ಅದು ಏಣಿ ತಾಗಿ ಒಡೆದಿದ್ದು. ಶನಿವಾರ ಸುಣ್ಣ ಹೊಡೀವಾಗ ನನ್ ಕೈಯಿಂದ್ಲೇ ಆಯ್ತು. ಪಾಪ, ಗೋಡೆ ಏನೂ ಮಾಡಿಲ್ಲ.”

“ಒಡೆದಿದ್ಯೋ ಇಲ್ವೋ?”

“ಒಡೆದಿದೆ ಸಾರ್.”

“ಹಾಗಾದ್ರೆ ಒಡೆದಿದೆ ಅಂತಲೇ ಬರೀತೀನಿ. ಏಣಿಗೆ ಇದರಲ್ಲಿ ಕಾಲಂ ಇಲ್ಲ.”

ಅಂಚಿನಲ್ಲಿ ಒಂದು ಸಾಲು ಬರೆಯಬಹುದಿತ್ತು. ಆದರೆ ಅಂಚಿನಲ್ಲಿ ಗೀಚುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ರುಜು ಹಾಕಿ ಮುಚ್ಚಿದೆ. ಕೆಲವು ತಿಂಗಳಲ್ಲಿ ಕಟ್ಟಡ ಅಪಾಯಕಾರಿ ಎಂದು ಆದೇಶ ಬಂತು. ಆಗಲೂ ನಾನು ಬಾಯಿ ಬಿಡಲಿಲ್ಲ. ಕೆಡವುವವರು ಬಂದರು. ನಾಲ್ಕು ದಿನ ಸಾಕೆಂದಿದ್ದರು, ಹದಿನೈದು ದಿನ ಹಿಡಿಯಿತು. ಕಲ್ಲು ಕಲ್ಲನ್ನು ಬಿಡುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ವಾಸ್ತುಶಿಲ್ಪ ಕಲಿಸುವ ಒಬ್ಬ ಹೆಣ್ಣುಮಗಳು ಶಿವಮೊಗ್ಗದ ನಮ್ಮ ಮನೆಗೆ ಬಂದರು. ಗಾಂಧಿ ಬಜಾರಿನ ಹಳೆಯ ಅಂಗಡಿಗಳಿಂದ ಹಿಡಿದು ಸುತ್ತಲಿನ ರೈಲು ನಿಲ್ದಾಣಗಳವರೆಗೆ, ಉಳಿಸಬೇಕಾದ ಕಟ್ಟಡಗಳನ್ನು ಅಳೆದು ಪಟ್ಟಿ ಮಾಡುತ್ತಿದ್ದರು. ನಾನಿದ್ದ ನಿಲ್ದಾಣದಲ್ಲಿ ಹಳೆಯದೆಂದು ಉಳಿದಿರುವುದು ಸರಕು ಇಡುತ್ತಿದ್ದ ಗೂಡ್ಸ್ ಶೆಡ್ ಒಂದೇ. ಅದನ್ನೂ ಕೆಡವಲು ಹೊರಟಿದ್ದಾರಂತೆ. ಫೈಲಿನಿಂದ ನನ್ನ ಹಳೆಯ ರಿಜಿಸ್ಟರಿನ ಒಂದು ಜೆರಾಕ್ಸ್ ಹಾಳೆ ತೆಗೆದು ನನ್ನ ಮುಂದಿಟ್ಟರು.

“ಸರ್, ಇದು ನಿಮ್ಮ ಅಕ್ಷರ ಅಲ್ವಾ? ಎಷ್ಟು ನೀಟಾಗಿದೆ. ಆದ್ರೆ ನಮಗೆ ಅಡ್ಡ ಬಂದಿರೋದು ಇದೊಂದೇ. ಪಕ್ಕದ ಸ್ಟೇಷನ್ ಗೋಡೆ ಅಲುಗಿತ್ತು ಅಂದ್ಮೇಲೆ ಅಲ್ಲಿಯ ಮಣ್ಣೇ ಸಡಿಲ, ಶೆಡ್ಡೂ ಅದೇ ಮಣ್ಣಿನ ಮೇಲಿದೆ ಅಂತಾರೆ ರೈಲ್ವೆಯವರು.”

ನಾನು ಏಣಿಯ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ಇದನ್ನ ನೀವಿಬ್ರೂ ಬರೆದು ಕೊಡ್ಬೇಕಾಗುತ್ತೆ ಸರ್. ಆ ಪಾಯಿಂಟ್ಸ್‌ಮನ್ ಇದ್ದಾರಾ?”

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಭದ್ರಾವತಿಯ ಜನ್ನಾಪುರಕ್ಕೆ, ಅವನ ಮನೆಗೆ ಹೋದೆ. ಅವನು ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ.

“ಬನ್ನಿ ಸಾರ್, ಬನ್ನಿ. ಎಂಟಕ್ಕೆ ಸರಿಯಾಗಿ ಬಂದಿದೀರಿ ಅಂದ್ರೆ ಇವತ್ತು ಸೋಮವಾರನೇ ಇರ್ಬೇಕು.”

“ಗುರುವಾರ ಮಾರಾಯ್ರೇ,” ಎಂದು ಒಳಗಿನಿಂದ ಅವನ ಹೆಂಡತಿ ಹೇಳಿದಳು. “ರಿಟೈರ್ ಆದ್ಮೇಲೆ ಇವ್ರಿಗೆ ವಾರನೇ ಗೊತ್ತಾಗಲ್ಲ ಸಾರ್. ಕೂತ್ಕೊಳ್ಳಿ, ಕಾಫಿ ತರ್ತೀನಿ.”

ಬಂದ ಕಾರಣ ಹೇಳಿದೆ. ಅವನು ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿದ.

“ಅಂದ್ರೆ, ಅವತ್ತು ನಾನು ಹೇಳಿದ್ದು ನಿಮಗೆ ಕೇಳಿಸಿತ್ತು.”

“ಕೇಳಿಸಿತ್ತು.”

“ನಾನು ಸರಿಯಾಗಿ ಹೇಳಲಿಲ್ಲ ಅಂದ್ಕೊಂಡಿದ್ದೆ ಸಾರ್. ಏಣೀಲಿ ಸ್ಟೇಷನ್ ಬೀಳಿಸ್ದೋನು ಅಂತ ಹಳಿ ರಿಪೇರಿ ಗ್ಯಾಂಗಿನವರು ಎಷ್ಟು ವರ್ಷ ಆಡ್ಕೊಂಡ್ರು.”

“ಇವತ್ತಿಗೂ ರೈಲಲ್ಲಿ ಶಿವಮೊಗ್ಗಕ್ಕೆ ಹೋಗೋವಾಗ ಆ ಸ್ಟೇಷನ್ ಕಡೆ ಕಿಟಕಿ ಹತ್ರ ಕೂರಲ್ಲ,” ಎಂದು ಹೆಂಡತಿ ಕಾಫಿ ಲೋಟ ಇಡುತ್ತಾ ಹೇಳಿದಳು. “ಬಿಸಿಲು ಅಂತಾರೆ. ಮಳೆಗಾಲದಲ್ಲಿ ಎಂಥ ಬಿಸಿಲು?”

ನನಗೆ ಇದು ಗೊತ್ತಿರಲಿಲ್ಲ. ಆ ಗ್ಯಾಂಗಿನವರೆಲ್ಲ ನನ್ನ ಮುಂದೆಯೇ ಓಡಾಡಿಕೊಂಡಿದ್ದವರು. ತಪ್ಪು ನಿನ್ನದಲ್ಲ ಎಂದು ಅವನಿಗೆ ಹೇಳಲು ನನಗೆ ಯಾವ ನಿಯಮವೂ ಅಡ್ಡ ಬಂದಿರಲಿಲ್ಲ. ಕಾಫಿ ಆರುವ ತನಕ ಕೂತು, ಆ ಮಾತನ್ನು ಹೇಳಿದೆ. ಅವನು ತಲೆಯಾಡಿಸಿ, ಅಂಗಿ ಹಾಕಿಕೊಂಡು ನನ್ನ ಜೊತೆ ಹೊರಟ.

ಆ ಹೆಣ್ಣುಮಗಳು ಗೂಡ್ಸ್ ಶೆಡ್ಡಿನ ಬಳಿ ಹೇಳಿಕೆ ಬರೆದಿಟ್ಟುಕೊಂಡು ಕಾಯುತ್ತಿದ್ದರು. ಗಾಜು ಏಣಿ ತಾಗಿ ಒಡೆದದ್ದು, ಗೋಡೆ ಅಲುಗಿದ್ದಕ್ಕಲ್ಲ ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸುತ್ತೇನೆ ಎಂದು, ಅದೇನೆಂದು ಹೇಳಿದೆ.

“ಅದು ಬೇಡ ಸರ್, ನಿಮಗೇ ಕೆಟ್ಟ ಹೆಸರು. ಇಷ್ಟು ಸಾಕು.”

ಸೇರಿಸಿದೆ. ‘ಪಾಯಿಂಟ್ಸ್‌ಮನ್ ಇದನ್ನು ನನಗೆ ಅದೇ ಬೆಳಿಗ್ಗೆ ತಿಳಿಸಿದ್ದರು. ನಾನು ಬರೆಯಲಿಲ್ಲ.’ ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಂದೂ ಅಷ್ಟೇ ಹಿಡಿಯುತ್ತಿತ್ತು.

ಈ ಕಾಗದದಿಂದ ಶೆಡ್ ಉಳಿಯುತ್ತದೆಯೇ ಎಂದು ಕೇಳಿದ್ದಕ್ಕೆ ಅವರು ಗೊತ್ತಿಲ್ಲ ಎಂದರು. ಇವತ್ತಿನವರೆಗೂ ಉತ್ತರ ಬಂದಿಲ್ಲ. ಕೆಡವಿದ ಆ ಹಳೆಯ ನಿಲ್ದಾಣಕ್ಕಂತೂ ಯಾವ ಕಾಗದದಿಂದಲೂ ಈಗ ಉಪಯೋಗವಿಲ್ಲ.

ರುಜು ಹಾಕುವ ಮುಂಚೆ ಅವನು ಜೇಬು ತಡಕಿ, ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದೇನೆ, ಓದಿ ಎಂದ. ಓದಿದೆ.

“ಕೊನೇದು ಇನ್ನೊಂದ್ಸಲ ಓದಿ ಸಾರ್.”

ಮತ್ತೆ ಓದಿದೆ.